ಗಡಿಗೆಯಲ್ಲಿ ಹೊತ್ತ ಕತ್ತಲೆ

ಆ ಊರಿನಲ್ಲಿ ದೀಪ ಹಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ದೀಪ ಮುಚ್ಚುವುದಕ್ಕೆ ಮಾತ್ರ ಒಬ್ಬಳ ಕೂಗು ಬೇಕಿತ್ತು. ಹೊತ್ತು ಮುಳುಗಿ, ಮನೆಮನೆಯಲ್ಲೂ ದೀಪ ಹತ್ತಿ, ಒಲೆಯ ಮೇಲೆ ಎಸರು ಕುದಿಯುವ ಹೊತ್ತಿಗೆ ಅವಳು ಊರಂಚಿನ ಗೋಣಿಮರದ ಬುಡದಲ್ಲಿ ನಿಂತು ಒಂದೇ ಉಸಿರಿಗೆ ಕೂಗುತ್ತಿದ್ದಳು: "ಕತ್ತಲೆ ಕೊಡ್ರಪ್ಪಾ, ದಾರಿ ಕೊಡ್ರವ್ವಾ." ಕೂಗು ಕೇಳಿದ ಮನೆಯವರು ತಮ್ಮ ದೀಪದ ಮೇಲೆ ಒಂದು ಗಡಿಗೆ ಕವುಚುತ್ತಿದ್ದರು. ಆ ಮನೆ ಕಪ್ಪಾದದ್ದನ್ನು ಕಂಡು ಪಕ್ಕದ ಮನೆ, ಅದನ್ನು ಕಂಡು ಎದುರು ಮನೆ. ಹೀಗೆ ಕತ್ತಲೆ ಬೀದಿಯಿಂದ ಬೀದಿಗೆ ನಡೆದುಕೊಂಡು ಹೋಗಿ ಹೊಳೆ ಮುಟ್ಟುತ್ತಿತ್ತು. ಆಗ ಮರ ಅಲುಗುತ್ತಿತ್ತು.

ಮರದ ತುಂಬ ಬಾವಲಿಗಳು. ಹಗಲೆಲ್ಲ ರೆಕ್ಕೆ ಹೊದ್ದು ತಲೆಕೆಳಗಾಗಿ ಜೋತು, ಜಾಗಕ್ಕಾಗಿ ಒಂದನ್ನೊಂದು ಬೈದುಕೊಳ್ಳುತ್ತಿದ್ದ ಅವು ಕತ್ತಲೆ ಹೊಳೆ ಮುಟ್ಟಿದ್ದೇ ತಡ, ಕೊಂಬೆ ಬಿಟ್ಟು ಗಾಳಿಗೆ ಬಿದ್ದು, ಊರಿನ ಮೇಲಿಂದ ಸಾಲುಗಟ್ಟಿ ಹಾಯ್ದು ಆಚೆ ದಡದ ಇಪ್ಪೆತೋಪಿಗೆ ಹೋಗುತ್ತಿದ್ದವು. ಕೂಗುವವಳು ಕೆಳಗೆ ಬೀದಿಯಲ್ಲಿ ಅವುಗಳ ಜೊತೆಜೊತೆಗೇ ನಡೆಯುತ್ತಿದ್ದಳು. ಕೊನೆಯದು ಹೊಳೆ ದಾಟಿದ ಮೇಲೆ ದಡದಲ್ಲಿ ನಿಂತು "ದಾರಿ ತೀರಿತು" ಎಂದು ಕೂಗುತ್ತಿದ್ದಳು. ಗಡಿಗೆಗಳು ಏಳುತ್ತಿದ್ದವು, ದೀಪಗಳು ಕಣ್ಣು ಬಿಡುತ್ತಿದ್ದವು, ಮನೆಮನೆಯಲ್ಲೂ ಗಂಜಿ ಬಸಿಯುವ ಸದ್ದು ಕೇಳುತ್ತಿತ್ತು.

ಇದೆಲ್ಲ ಯಾಕೆ ಎಂದು ಕೇಳಿದರೆ ಊರಿನವರು ತಾವು ಆಡಿದ ಮಾತಿನ ಕಥೆ ಹೇಳುತ್ತಿದ್ದರು. ಅವರ ಹಿರಿಯರು ಮೊದಲು ಆ ಹೊಳೆಯ ದಡಕ್ಕೆ ಬಂದಾಗ ಅಲ್ಲಿ ನೆರಳಿದ್ದದ್ದು ಗೋಣಿಮರದ ಕೆಳಗೊಂದೇ. ಅದು ಬಾವಲಿಗಳ ಮರ, ದಡದ ಮೇಲಿನ ಗಾಳಿ ಬಾವಲಿಗಳ ದಾರಿ. ಹಿರಿಯರು ಮರದ ಕೆಳಗೆ ನಿಂತು ಮಾತು ಕೊಟ್ಟರು: ನಿಮ್ಮ ದಾರಿಯ ಕೆಳಗೆ ಮನೆ ಕಟ್ಟಿಕೊಳ್ಳುತ್ತೇವೆ, ನೀವು ಹೊರಡುವಾಗ ನಿಮಗೆ ನಿಮ್ಮ ಕತ್ತಲೆ ಕೊಡುತ್ತೇವೆ. ಬಾವಲಿಗಳು ಏನೆಂದವೋ ನನಗೆ ಗೊತ್ತಿಲ್ಲ. ಬೇಡ ಎನ್ನಲಿಲ್ಲ ಎಂದು ಮಾತ್ರ ಊರಿನವರು ಹೇಳುತ್ತಿದ್ದರು. ಅಂದಿನಿಂದ ಆ ಊರಿನಲ್ಲಿ ಯಾರೂ ಕೈಯಾರೆ ಗಿಡ ನೆಡಲಿಲ್ಲ. ಬಾವಲಿ ಹಣ್ಣು ತಿಂದು ಉಗುಳಿದ ಬೀಜ ಎಲ್ಲಿ ಮೊಳೆಯಿತೋ ಅಲ್ಲಿ ಮರ. ಮರ ಎದ್ದ ಕಡೆ ಮನುಷ್ಯ ಜಾಗ ಬಿಡಬೇಕು. ಅದಕ್ಕೇ ಅಲ್ಲಿ ಒಂದು ಗೋಡೆಯೂ ನೆಟ್ಟಗಿರಲಿಲ್ಲ. ಒಬ್ಬರ ಅಡುಗೆಮನೆಯ ನಡುವೆ ಅತ್ತಿಮರ ಇತ್ತು, ಆ ಮನೆಯ ಸೊಸೆಯರು ತಲೆಮಾರುಗಟ್ಟಲೆ ಅದಕ್ಕೆ ಸುತ್ತು ಹಾಕಿಯೇ ಸಾರಿಗೆ ಉಪ್ಪು ಹಾಕಿದರು. ಯಾರೂ ಗೊಣಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊಣಗಿದರು, ಆದರೆ ಕೊಡಲಿ ಎತ್ತಲಿಲ್ಲ.

ಕೂಗುವ ಕೆಲಸ ತಾಯಿಯಿಂದ ಮಗಳಿಗೆ ಬರುತ್ತಿತ್ತು. ತಾಯಿಯ ಗಡಿಗೆಯೂ ಅದರ ಜೊತೆಗೇ ಬರುತ್ತಿತ್ತು, ಕೂಗುವವಳ ಬಗಲು ಬಿಟ್ಟು ಇಳಿಯುತ್ತಿರಲಿಲ್ಲ. ಈ ಕೂಗುವವಳಿಗೆ ಅದು ತೀರ ಬೇಗ ಬಂತು. ತಮ್ಮನನ್ನು ಹೆತ್ತ ದಿನವೇ ತಾಯಿ ಕಣ್ಣು ಮುಚ್ಚಿದಳು. ಎಳೆಗೂಸನ್ನು ನೋಡಿಕೊಳ್ಳುವವರಿಲ್ಲ, ಸಂಜೆಯ ಕೂಗು ತಪ್ಪಿಸುವಂತಿಲ್ಲ. ಅವಳು ತಾಯಿಯ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿ, ಗೋಣಿಮರದ ಕೆಳಕೊಂಬೆಗೆ ಇಳಿಬಿಟ್ಟು, ತಮ್ಮನನ್ನು ಅದರಲ್ಲಿ ಮಲಗಿಸಿ ಹೊಳೆಯ ತನಕ ಹೋಗಿ ಬರುತ್ತಿದ್ದಳು. ಮೇಲಿನ ಕೊಂಬೆಗಳಲ್ಲಿ ಬಾವಲಿ ಮರಿಗಳು. ಹೊತ್ತೊಯ್ಯಲಾರದಷ್ಟು ಭಾರವಾದ, ಇನ್ನೂ ಹಾರಲು ಬಾರದ ಮರಿಗಳನ್ನು ಅವುಗಳ ತಾಯಿಗಳು ಮರಕ್ಕೇ ಒಪ್ಪಿಸಿ ಮೇವಿಗೆ ಹೋಗುತ್ತಿದ್ದವು. ಅವಳೂ ಹಾಗೆಯೇ ಮಾಡಿದಳು. ತಿರುಗಿ ಬಂದಾಗ ಮರಿಗಳೂ ಇರುತ್ತಿದ್ದವು, ತಮ್ಮನೂ ಇರುತ್ತಿದ್ದ, ಹಾಲಿಗಾಗಿ ಚೀರಿ ಮರ ಕಿತ್ತುಹೋಗುವ ಹಾಗೆ ಮಾಡುತ್ತಿದ್ದ.

ತಮ್ಮ ಬೆಳೆದ, ಮಾತು ಕಲಿತ, ಆಮೇಲೆ ಮಾತಿನಲ್ಲಿ ಗೆಲ್ಲುವುದನ್ನೂ ಕಲಿತ. ಅಂಥವನನ್ನು ಊರಿನವರು ಯಜಮಾನನನ್ನಾಗಿ ಮಾಡುವುದು ಎಲ್ಲ ಕಡೆಯೂ ಇದ್ದದ್ದೇ. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಮ್ಮ ಕಟ್ಟೆಯ ಮೇಲೆ ಕೂತು ಜಗಳ ಬಿಡಿಸುವಾಗ ಅವಳು ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

ಅವನ ಕಾಲದಲ್ಲೇ ದೀಪದವರು ಬಂದದ್ದು. ಅವರು ಎಲ್ಲಿಂದ ಬಂದರು ಎಂದು ಯಾರೂ ಕೇಳಲಿಲ್ಲ. ತಂದದ್ದನ್ನು ನೋಡುವುದರಲ್ಲೇ ಊರು ಮೈಮರೆಯಿತು. ಉದ್ದನೆಯ ಕಂಬ, ಕಂಬದ ತುದಿಯಲ್ಲಿ ಎಣ್ಣೆ ಬೇಡದ, ಗಾಳಿಗೆ ಹೆದರದ ಬಿಳಿಯ ದೀಪ. ಮೊದಲನೆಯ ಕಂಬದ ಕೆಳಗೆ ಹೆಂಗಸರು ಅಕ್ಕಿಯಲ್ಲಿ ಕಲ್ಲು ಆರಿಸಿದರು, ಮುದುಕರು ತಮ್ಮ ಅಂಗೈ ರೇಖೆ ನೋಡಿಕೊಂಡರು. ಕೂಗುವವಳೂ ಹೋಗಿ ನಿಂತು ನೋಡಿದಳು. ಹರಿದ ಸೆರಗಿಗೆ ಅಲ್ಲೇ ಕೂತು ಹೊಲಿಗೆ ಹಾಕಿಕೊಂಡಳು. ಅವಳೇನು ಬೆಳಕಿನ ವೈರಿಯಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಸಂಜೆ ಅವಳು ಕೂಗಿದಾಗ ಮನೆಯ ದೀಪಗಳೆಲ್ಲ ಗಡಿಗೆಯ ಕೆಳಗೆ ಹೋದವು. ಕಂಬದ ದೀಪ ಉರಿಯುತ್ತಲೇ ಇತ್ತು. ಅದರ ಮೇಲೆ ಕವುಚುವ ಗಡಿಗೆಯನ್ನು ಯಾವ ಕುಂಬಾರ ಮಾಡಿಯಾನು? ಬಾವಲಿಗಳು ಆ ಸಂಜೆ ಕಂಬವನ್ನು ದೂರದಿಂದ ಬಳಸಿಕೊಂಡು ಹೋದವು. ಒಂದು ಕಂಬ ತಾನೇ ಎಂದು ಎಲ್ಲರೂ ಅಂದರು. ಆಮೇಲೆ ಬೀದಿಗೊಂದು ಕಂಬ ಬಂತು, ಆಮೇಲೆ ಮನೆಗೊಂದು ಬಂತು. ಕಂಬ ನಿಲ್ಲಿಸಲು ಅತ್ತಿಯನ್ನು ಕಡಿದರು, ಬೀದಿ ನೆಟ್ಟಗಾಗಲು ನೇರಳೆಯನ್ನು ಕಡಿದರು. ಅಡುಗೆಮನೆಯ ಅತ್ತಿ ಹೋದ ದಿನ ಆ ಮನೆಯ ಸೊಸೆ ನೆಟ್ಟಗೆ ನಡೆಯಲು ಬಾರದೆ, ಇಲ್ಲದ ಮರಕ್ಕೆ ಸುತ್ತು ಹಾಕಿ ಸಾರಿಗೆ ಉಪ್ಪು ಹಾಕಿದಳಂತೆ. ಊರೆಲ್ಲ ನಕ್ಕಿತು.

ಆದರೆ ಊರಿಗೆ ಒಳಗೊಳಗೇ ಒಂದು ಅಳುಕು ಇತ್ತು. ಕೊಟ್ಟ ಮಾತು ಕೊಟ್ಟದ್ದೇ. ಕತ್ತಲೆಯ ಪಾಲು ಕೊಡದೆ ಇದ್ದರೆ ಮನೆಗೆ ಕೇಡು ಎಂದು ಅವರು ಎದೆಹಾಲಿನ ಜೊತೆ ಕುಡಿದು ಬಂದಿದ್ದರು. ಬೆಳಕೂ ಬೇಕು, ಮಾತೂ ಉಳಿಯಬೇಕು. ಈ ತೊಡಕನ್ನು ಯಜಮಾನನೇ ಬಿಡಿಸಿದ. ಅವನು ಕಟ್ಟೆಯ ಮೇಲೆ ಕೂತು ಕೇಳಿದ: ನಾವು ಬಾವಲಿಗಳಿಗೆ ಏನು ಕೊಡುತ್ತೇವೆಂದು ಮಾತಾಡಿದ್ದು? ಕತ್ತಲೆ. ಎಲ್ಲಿ ಕೊಡುತ್ತೇವೆ ಎಂದು ಹೇಳಿದ್ದೇವೆಯೇ? ಇಲ್ಲ. ಹಾಗಾದರೆ ಎಲ್ಲ ಮನೆಗಳ ಕತ್ತಲೆಯನ್ನೂ ಒಂದೇ ಕಡೆ ಸೇರಿಸಿ ಕೊಟ್ಟರಾಯಿತು. ಒಂದು ಹನಿ ಕತ್ತಲೆಯನ್ನೂ ನಾವು ಇಟ್ಟುಕೊಳ್ಳುವುದು ಬೇಡ.

ಬೇರೆ ಊರಿನವರಾಗಿದ್ದರೆ ಈ ಮಾತಿಗೆ ನಕ್ಕು ಎದ್ದುಹೋಗುತ್ತಿದ್ದರು. ಇವರು ನಗಲಿಲ್ಲ. ತಲೆಮಾರುಗಳಿಂದ ಗಡಿಗೆಯ ಕೆಳಗೆ ಕತ್ತಲೆಯನ್ನು ಕೈಯಲ್ಲಿ ಹಿಡಿದು ಬಂದ ಜನ. ಕತ್ತಲೆಗೆ ತೂಕ ಇದೆ, ಅದು ತುಂಬುತ್ತದೆ, ಚೆಲ್ಲುತ್ತದೆ ಎಂದು ನಂಬಿದವರು. ಎಲ್ಲರಿಗೂ ಎದೆ ಹಗುರಾಯಿತು. ಊರ ನಡುವೆ ಕಿಟಕಿಯಿಲ್ಲದ ಒಂದು ದೊಡ್ಡ ಮನೆ ಎದ್ದಿತು. ಅದಕ್ಕೆ ಕತ್ತಲೆಮನೆ ಎಂದು ಹೆಸರಿಟ್ಟರು. ಸಂಜೆಯಾದರೆ ಪ್ರತಿ ಮನೆಯವರೂ ತಮ್ಮ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಬಿಳಿಯ ದೀಪಗಳ ಕೆಳಗೆ ಹುಷಾರಾಗಿ ಹೆಜ್ಜೆಯಿಟ್ಟು ಬರುತ್ತಿದ್ದರು. ಚೆಲ್ಲೀತು, ನೋಡಿಕೊಂಡು ನಡಿ ಎಂದು ಅತ್ತೆ ಸೊಸೆಗೆ ಹೇಳುತ್ತಿದ್ದಳು. ಕತ್ತಲೆಮನೆಯ ಬಾಗಿಲಲ್ಲಿ ಬಟ್ಟೆ ಬಿಚ್ಚಿ, ಗಡಿಗೆಯನ್ನು ಬಗ್ಗಿಸಿ ಸುರಿದು, ಬುಡ ತಟ್ಟಿ, ಕೈಮುಗಿದು ಹೋಗುತ್ತಿದ್ದರು.

ಬಾಗಿಲಲ್ಲಿ ಕೂರುತ್ತಿದ್ದವಳು ಕೂಗುವವಳು. ಅವಳಿಗಾಗಿಯೇ ತಮ್ಮ ಒಂದು ಕಲ್ಲಿನ ಪೀಠ ಮಾಡಿಸಿದ್ದ. ಇನ್ನು ಮೇಲೆ ಬಿಸಿಲು ಮಳೆಯಲ್ಲಿ ಹೊಳೆತನಕ ಅಲೆಯಬೇಕಾಗಿಲ್ಲ ಅಕ್ಕ ಎಂದಿದ್ದ. ಅವಳು ಒಮ್ಮೆ ಒಳಗೆ ಹೋಗಿ ನೋಡಿ ಬಂದಿದ್ದಳು. ಒಳಗೆ ನಿಜವಾಗಿಯೂ ಕತ್ತಲೆಯಿತ್ತು. ತನ್ನ ಕೈ ತನಗೆ ಕಾಣದಷ್ಟು, ಬಾವಿಯ ತಳದಂತೆ ತಣ್ಣಗಿನ ಕತ್ತಲೆ. ಇಷ್ಟು ಕತ್ತಲೆ ಒಂದೇ ಕಡೆ ಸಿಕ್ಕರೆ ಅವಕ್ಕೆ ಹಬ್ಬ ಎಂದುಕೊಂಡು, ಅದರ ಬಾಗಿಲಲ್ಲಿ ಕೂತು, ಅವಳು ಎಂದಿನಂತೆ ಕೂಗಿದಳು.

ಮರ ಅಲುಗಲಿಲ್ಲ.

ಮರುದಿನವೂ ಕೂಗಿದಳು, ಅದರ ಮರುದಿನವೂ ಕೂಗಿದಳು. ಗೋಣಿಮರದ ನಾಲ್ಕು ದಿಕ್ಕಿಗೂ ಬಿಳಿಯ ದೀಪಗಳು ನಿಂತಿದ್ದವು. ಬಾವಲಿಗಳು ಕೂಗಿಗೆ ಕಿವಿ ನಿಮಿರಿಸುತ್ತಿದ್ದವು, ಕೊಂಬೆಯ ತುದಿಯವರೆಗೆ ತೆವಳಿ ಬರುತ್ತಿದ್ದವು, ಬೆಳಕು ಕಂಡು ರೆಕ್ಕೆ ಮಡಚಿ ಹಿಂದಕ್ಕೆ ಹೋಗುತ್ತಿದ್ದವು. ಕತ್ತಲೆ ಊರ ನಡುವೆ ನಾಲ್ಕು ಗೋಡೆಯೊಳಗೆ ರಾಶಿ ಬಿದ್ದಿತ್ತು. ಮರದಿಂದ ಅಲ್ಲಿಗೆ ಹೋಗುವುದಕ್ಕೂ ದಾರಿ ಬೆಳಕಿನದು, ಅಲ್ಲಿಂದ ಇಪ್ಪೆತೋಪಿಗೆ ಹೋಗುವುದಕ್ಕೂ ದಾರಿ ಬೆಳಕಿನದೇ. ಇಷ್ಟು ಸಣ್ಣ ಸಂಗತಿ ಊರಿನಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಕೂಗುವವಳ ತಲೆಗೂ ಹೊಳೆದಿರಲಿಲ್ಲ. ಪೀಠ ಬಿಟ್ಟು ಮರದ ಬುಡಕ್ಕೆ ಹೋಗಿ ನಿಂತಾಗ ಅವಳ ಕಾಲ ಬಳಿ ಒಂದು ಬಾವಲಿ ಬಿದ್ದಿತ್ತು. ಎತ್ತಿಕೊಂಡರೆ ಒಣಗಿದ ಎಲೆಯಷ್ಟೂ ಭಾರವಿರಲಿಲ್ಲ. ಎದೆಗೆ ಕಚ್ಚಿಕೊಂಡ ಮರಿ ಇನ್ನೂ ಬತ್ತಿದ ಮೊಲೆಯನ್ನು ಚೀಪುತ್ತಿತ್ತು.

ಅವಳು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರವಾಗಿ ತಮ್ಮನ ಮನೆಗೆ ಹೋದಳು. ತಮ್ಮ ಊಟಕ್ಕೆ ಕೂತಿದ್ದ. ದೀಪದವರ ಹಿರಿಯನೂ ಪಕ್ಕದಲ್ಲಿ ಕೂತಿದ್ದ. ಇಬ್ಬರೂ ಅವಳನ್ನು ಗೌರವದಿಂದಲೇ ನೋಡಿದರು. ಅವಳು ಕೂರಲಿಲ್ಲ.

"ಕತ್ತಲೆಮನೆ ನೀನೇ ಇಟ್ಕೋ," ಎಂದಳು. "ನನಗೆ ಒಂದು ದಾರಿ ಕೊಡು. ಮರದಿಂದ ಹೊಳೆತನಕ. ನನ್ನ ಸೆರಗಿನಷ್ಟು ಅಗಲ ಸಾಕು."

ದೀಪದವರ ಹಿರಿಯ ತಮ್ಮನ ಮುಖ ನೋಡಿದ. ತಮ್ಮ ತುತ್ತು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಒಂದೊಂದೇ ಕೇಳಿದ. ದಾರಿ ಕೊಟ್ಟರೆ ಎಲ್ಲವೂ ಹೋಗುತ್ತವೆಯೇ? ಎಲ್ಲವೂ ಹೋಗುತ್ತವೆ ಎಂದಳು ಅಕ್ಕ. ಹಸಿದಿದ್ದಾವೆ, ಒಂದೂ ನಿಲ್ಲುವುದಿಲ್ಲ. ನೀನು ಕೂಗಿದರೆ ನಂಬಿ ಬರುತ್ತವೆಯೇ? ನನ್ನ ಕೂಗಿಗೆ ಬಾರದೆ ಇನ್ನು ಯಾರ ಕೂಗಿಗೆ ಬಂದಾವು ಎಂದಳು. ಆ ಮಾತಿನಲ್ಲಿ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು, ಇದ್ದರೆ ತಪ್ಪೇನು? ಮರದಲ್ಲಿ ಒಂದೂ ಉಳಿಯುವುದಿಲ್ಲವೇ ಎಂದು ತಮ್ಮ ಮತ್ತೆ ಕೇಳಿದ. ಭಾರವಾದ ಮರಿಗಳು ಮಾತ್ರ ಉಳಿಯುತ್ತವೆ, ಅವಕ್ಕಾಗಿಯೇ ತಾಯಿಗಳು ಬೆಳಗಿಗೆ ತಿರುಗಿ ಬರುತ್ತವೆ ಎಂದಳು. ಅವನು ಇಷ್ಟೆಲ್ಲ ಕೇಳುತ್ತಿದ್ದಾನೆಂದರೆ ಮನಸ್ಸು ಕರಗಿದೆ ಎಂದು ಅವಳಿಗೆ ಅನ್ನಿಸಿತು.

ತಮ್ಮ ಕೈ ತೊಳೆದು ಬಂದು ಅವಳ ಬಗಲಿನ ತಾಯಿಯ ಗಡಿಗೆಯ ಮೇಲೆ ಅಂಗೈ ಇಟ್ಟ. ನಾಳೆ ಸಂಜೆ ದಾರಿಯುದ್ದಕ್ಕೂ ಎಲ್ಲ ದೀಪಗಳನ್ನೂ ಆರಿಸುತ್ತೇನೆ, ಸೆರಗಿನಷ್ಟಲ್ಲ, ಊರಿನಷ್ಟು ಅಗಲದ ದಾರಿ ಕೊಡುತ್ತೇನೆ ಎಂದ. ತಾಯಿಯ ಗಡಿಗೆಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ಆ ಊರಿನಲ್ಲಿ ಯಾರೂ ತಿರುಗಿಸಿ ಕೇಳುವ ಪದ್ಧತಿ ಇಲ್ಲ. ಅವಳು ಅವನ ತಲೆ ನೇವರಿಸಿ ನೆಟಿಗೆ ತೆಗೆದಳು. ದೀಪದವರ ಹಿರಿಯ ಮಜ್ಜಿಗೆ ಬಡಿಸಿಕೊಂಡ.

ಮರುದಿನ ಸಂಜೆ ತಮ್ಮನೇ ಅವಳ ಮನೆಗೆ ಬಂದ. ಕೈಯಲ್ಲಿ ಬುತ್ತಿಯ ಗಂಟು, ಹೆಗಲ ಮೇಲೆ ಹೊಸ ಕಂಬಳಿ. ಎಷ್ಟು ದಿನವಾಯಿತು ನೀನು ಅವುಗಳ ಜೊತೆ ನಡೆದು, ಇವತ್ತು ಹೊಳೆ ದಾಟಿ ತೋಪಿನ ತನಕ ಹೋಗು, ಅಲ್ಲೇ ಉಳಿದು ಬೆಳಗಿಗೆ ಅವುಗಳ ಜೊತೆಗೇ ಬಾ, ಅವಸರವೇನಿಲ್ಲ ಎಂದ. ಕಂಬಳಿಯನ್ನು ತಾನೇ ಅವಳಿಗೆ ಹೊದಿಸಿದ. ಹಾಗೆ ಹೊದಿಸುವಾಗ ಅವನು ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಈ ಕಥೆಯಲ್ಲಿ ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬಹುದಿತ್ತು.

ಅವಳು ಗೋಣಿಮರದ ಬುಡದಲ್ಲಿ ನಿಂತಳು. ಸೆರಗಿನಲ್ಲಿದ್ದ ಮರಿಯನ್ನು ಕೆಳಕೊಂಬೆಗೆ, ಹಿಂದೆ ಜೋಲಿ ಕಟ್ಟುತ್ತಿದ್ದ ಜಾಗಕ್ಕೇ, ಕಾಲು ಹಿಡಿಸಿ ಜೋತುಬಿಟ್ಟಳು. ಒಂದರ ಮರಿಗೆ ಇನ್ನೊಂದು ಹಾಲೂಡುವುದನ್ನು ಅವಳು ನೋಡಿರಲಿಲ್ಲ. ಆದರೂ ಹೊಟ್ಟೆ ತುಂಬಿ ಬಂದ ಯಾವ ತಾಯಿಗಾದರೂ ಕನಿಕರ ಹುಟ್ಟಬಾರದೇಕೆ ಎಂದುಕೊಂಡಳು. ಹೊತ್ತು ಮುಳುಗಿತು. ಕೊಟ್ಟ ಮಾತಿನಂತೆ ಬಿಳಿಯ ದೀಪಗಳು ಆರಿದವು. ಊರು ತನ್ನ ಹಳೆಯ ಬಣ್ಣಕ್ಕೆ ಬಂತು. ಅವಳು ಬಾಯಿ ತೆರೆದಳು.

"ಕತ್ತಲೆ ಕೊಡ್ರಪ್ಪಾ, ದಾರಿ ಕೊಡ್ರವ್ವಾ."

ಮರ ಅಲುಗಿತು. ಮೊದಲು ಒಂದು ಬಿದ್ದಿತು, ಆಮೇಲೆ ಹತ್ತಾರು, ಆಮೇಲೆ ಮರವೇ ಎದ್ದು ಹೊರಟ ಹಾಗೆ ಎಲ್ಲವೂ ಹೊರಟವು. ಸೋತ ರೆಕ್ಕೆಗಳು, ತಡವರಿಸುವ ರೆಕ್ಕೆಗಳು, ಆದರೂ ಅದೇ ಸಾಲು. ಕೂಗುವವಳು ಕೆಳಗೆ ಬೀದಿಯಲ್ಲಿ ಓಡುನಡಿಗೆಯಲ್ಲಿ ಜೊತೆಗೆ ಹೋದಳು. ಬಾಗಿಲುಗಳಲ್ಲಿ ನಿಂತ ಜನ ಅವಳಿಗೆ ಕೈಮುಗಿದರು. ಅವರ ಕೈಗಳಲ್ಲಿ ಗಡಿಗೆಗಳಿದ್ದದ್ದು ಅವಳಿಗೆ ಕಂಡಿತು. ಹಳೆಯ ಕಾಲ ಬಂದೇಬಿಟ್ಟಿತು ಎಂದುಕೊಂಡಳು. ಹರಿಗೋಲಿನಲ್ಲಿ ಹೊಳೆ ದಾಟುವಾಗ ಅವಳು ಅಳುತ್ತಿದ್ದಳು, ಬರೀ ಸಂತೋಷಕ್ಕೆ. ಆ ಸಂತೋಷದ ಮಾತನ್ನು ನಾನು ಇವತ್ತಿಗೂ ಬೇಗ ಬೇಗ ಹೇಳಿ ಮುಗಿಸುತ್ತೇನೆ.

ಇಪ್ಪೆತೋಪು ಹೂ ಬಿಟ್ಟು ನಿಂತಿತ್ತು. ಬಾವಲಿಗಳು ಹೂವಿನ ಮೇಲೆ ಮುಗಿಬಿದ್ದವು. ಅವಳು ಮರದ ಕೆಳಗೆ ಕಂಬಳಿ ಹಾಸಿ, ಬುತ್ತಿ ಬಿಚ್ಚಿ ಉಂಡಳು. ತಮ್ಮ ಅವಳಿಗೆ ಇಷ್ಟವೆಂದು ಹುಣಸೆಗೊಜ್ಜು ಕಟ್ಟಿಸಿದ್ದ. ಮೇಲಿನಿಂದ ಹೂವಿನ ರಸ ತಲೆಗೆ ತೊಟ್ಟಿಕ್ಕಿತು, ಒರೆಸಿಕೊಳ್ಳಲಿಲ್ಲ. ಯಾವಾಗಲೋ ಹೊಳೆಯಾಚೆಯಿಂದ ಒಂದು ಸದ್ದು ನೆಲದೊಳಗಿಂದ ನಡೆದು ಬಂದು ಅವಳ ಬೆನ್ನಿಗೆ ತಾಗಿತು. ಎಲ್ಲೋ ಗುಡುಗಿರಬೇಕು, ಮಳೆ ಬಂದರೆ ಒಳ್ಳೆಯದೇ ಎಂದುಕೊಂಡು ಮಗ್ಗುಲು ಬದಲಿಸಿದಳು.

ಮೂಡಣ ಬೆಳ್ಳಗಾಗುವ ಮೊದಲೇ ಬಾವಲಿಗಳು ಎದ್ದವು. ಮರಿಗಳ ನೆನಪಿದ್ದ ತಾಯಿಗಳು ಎಲ್ಲಕ್ಕಿಂತ ಮುಂದೆ ಇದ್ದವು. ಅವಳು ಹರಿಗೋಲಿನಲ್ಲಿ ಅವುಗಳ ಕೆಳಗೇ ಬಂದಳು. ಈಚೆ ದಡ ಹತ್ತಿ ನೋಡಿದರೆ ಊರು ಹೊತ್ತಿ ಉರಿಯುವ ಹಾಗೆ ಬೆಳ್ಳಗಿತ್ತು. ಎಲ್ಲ ದೀಪಗಳೂ ಹತ್ತಿದ್ದವು, ಇಲ್ಲದ ಕಡೆಯೂ ಹೊಸ ದೀಪಗಳು ಬಂದಿದ್ದವು. ಊರಂಚಿನಲ್ಲಿ, ಗೋಣಿಮರ ಇರಬೇಕಾದ ಕಡೆ, ಆಕಾಶ ಇತ್ತು.

ಅವಳು ಓಡಿದಳು. ಮರ ಅಡ್ಡ ಬಿದ್ದಿತ್ತು. ಕೊಂಬೆಗಳನ್ನು ಆಗಲೇ ಸವರಿ ಪಕ್ಕಕ್ಕೆ ಒಟ್ಟಿದ್ದರು. ಬುಡದ ಸುತ್ತಲಿನ ನೆಲವನ್ನು ಗುಡಿಸಿ, ನೀರು ಚಿಮುಕಿಸಿ, ಹೊಸ ಮನೆಗಳಿಗೆ ಹಗ್ಗ ಹಿಡಿದು ಗೆರೆ ಎಳೆದಿದ್ದರು. ಆ ಗೆರೆಗಳು ತುಂಬ ನೆಟ್ಟಗಿದ್ದವು. ಗೆರೆಗಳ ಒಳಗೆ ನೆಲದ ತುಂಬ ಗಡಿಗೆಗಳು ಕವುಚಿದ್ದವು, ಹಿಂದೆ ಸಂಜೆ ದೀಪಗಳ ಮೇಲೆ ಕವುಚುತ್ತಿದ್ದಂತೆಯೇ. ಊರಿನವರು ಒಬ್ಬರ ಹಿಂದೊಬ್ಬರು ದೂರ ಸರಿದು ನಿಂತರು. ಅವಳು ಹತ್ತಿರದ ಗಡಿಗೆಯನ್ನು ಎತ್ತಿದಳು. ಅದರ ಕೆಳಗೆ ಒಂದು ಮರಿ ಇತ್ತು. ಇನ್ನೊಂದನ್ನು ಎತ್ತಿದಳು. ಅದರ ಕೆಳಗೂ ಇತ್ತು. ಬಿದ್ದು ಸತ್ತ ಮರಿಗಳನ್ನು ಕಣ್ಣಿಂದ ನೋಡಲಾಗದೆ ಊರಿನ ದಯಾವಂತರು ತಮ್ಮ ತಮ್ಮ ಮನೆಯ ಗಡಿಗೆ ತಂದು ಮುಚ್ಚಿದ್ದರು. ಅವಳು ಕೂಗು ಹಾಕಿ ಕೇಳಿ ಪಡೆದ ಕತ್ತಲೆ ಕೊನೆಗೆ ಸಿಕ್ಕಿದ್ದು ಹೀಗೆ. ಮೂರನೆಯದನ್ನು ಎತ್ತಲು ಅವಳಿಗೆ ಕೈ ಬರಲಿಲ್ಲ.

ತಮ್ಮ ಬಂದ. ಅವನು ತಲೆ ತಗ್ಗಿಸಲೂ ಇಲ್ಲ, ಗದರಲೂ ಇಲ್ಲ. ನೀನು ದಾರಿ ಕೇಳಿದೆ, ನಾನು ದಾರಿ ಕೊಟ್ಟೆ ಎಂದ. ಮರದ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ ಎಂದ. ಒಂದು ಜೀವವನ್ನೂ ಕೊಲ್ಲಬಾರದೆಂದು ತಾನೇ ಅವನ್ನೆಲ್ಲ ಆಚೆ ಕಳಿಸಿ ಮರ ಮುಟ್ಟಿದ್ದು? ದೊಡ್ಡವೆಲ್ಲ ಉಳಿದವಲ್ಲ, ನಿನ್ನಿಂದಲೇ ಉಳಿದವು ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಊರಿನವರು ಹೌದುಹೌದೆಂದು ತಲೆಯಾಡಿಸಿದರು.

ಅವಳು ಸವರಿದ ಕೊಂಬೆಗಳ ಒಟ್ಟಿಲಲ್ಲಿ ಏನನ್ನೋ ಹುಡುಕಿದಳು. ಕೆಳಕೊಂಬೆ ಸಿಕ್ಕಿತು. ಜೋಲಿಯ ಗಂಟು ತಿಂದು ತಿಂದು ಸವೆದ ಗುರುತು ಅದರ ಮೇಲೆ ಇನ್ನೂ ಇತ್ತು. ಅದರ ಮೇಲೆ ಕೈಯಿಟ್ಟು ಅವಳು ತಮ್ಮನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು.

"ನಿನ್ನನ್ನೂ ಹೀಗೇ ಈ ಕೊಂಬೆಗೆ ಬಿಟ್ಟು ಹೋಗ್ತಿದ್ದೆ ಕಣೋ. ತಿರುಗಿ ಬಂದಾಗ ನೀನು ಇರ್ತಿದ್ದೆ."

ತಮ್ಮ ಆ ಗುರುತನ್ನು ನೋಡಿದ. ಆಮೇಲೆ ಅವನು ಮೇಲೆ ನೋಡಿದ.

ಮೇಲೆ ಬಾವಲಿಗಳು ಸುತ್ತುತ್ತಿದ್ದವು. ಇದ್ದ ಮರದ ಎತ್ತರದಲ್ಲಿ, ಇದ್ದ ಮರದ ಅಗಲಕ್ಕೆ, ಇಲ್ಲದ ಕೊಂಬೆಗಳನ್ನು ತಪ್ಪಿಸಿಕೊಂಡು ಸುತ್ತುತ್ತಿದ್ದವು. ದೀಪಗಳ ಮಧ್ಯೆ ಕಣ್ಣು ಕೋರೈಸಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ತಮ್ಮ ಈಗ ನಿಜವಾದ ಕಳಕಳಿಯಿಂದಲೇ ಹೇಳಿದ:

"ಅಕ್ಕ, ಕತ್ತಲೆಮನೆಯ ಬಾಗಿಲು ತೆರೆಸಿದ್ದೀನಿ. ಊರಿನ ಕತ್ತಲೆಯೆಲ್ಲ ಅಲ್ಲಿದೆ, ಅವಕ್ಕೆ ಸೇರಬೇಕಾದದ್ದೇ. ನೀನು ಒಂದು ಸಲ ಕೂಗು. ಒಳಗೆ ಹೋಗ್ತವೆ. ಊರು ಕೊಟ್ಟ ಮಾತೂ ಉಳಿಯುತ್ತೆ."

ಊರಿನವರೆಲ್ಲ ಅವಳ ಬಾಯನ್ನೇ ನೋಡಿದರು. ಎಲ್ಲರಿಗೂ ಆ ಕೂಗು ಬೇಕಿತ್ತು. ಅದೊಂದು ಆಗಿಬಿಟ್ಟರೆ ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು. ಮೇಲಿದ್ದವೂ ಅದಕ್ಕೇ ಕಾಯುತ್ತಿದ್ದವು. ಅವಳು ಕಂಡದ್ದೇ ತಡ, ಸುತ್ತು ಕೆಳಗಿಳಿದು ಅವಳ ತಲೆಯ ಮೇಲಕ್ಕೇ ಬಂದಿತ್ತು. ಕೂಗಿದರೆ ಬರುತ್ತವೆ. ಇಷ್ಟಾದ ಮೇಲೂ ಬರುತ್ತವೆ. ಅವಳ ಹಿಂದೆ ಆ ಬಾಗಿಲೊಳಗೂ ಹೋಗುತ್ತವೆ, ಒಳಗೆ ತಣ್ಣಗಿನ ಕತ್ತಲೆಯಲ್ಲಿ ಜೋತುಬೀಳುತ್ತವೆ, ಸಂಜೆಯಾದಾಗ ಬಾಗಿಲ ತನಕ ತೆವಳಿ ಬಂದು ಬೆಳಕು ಕಂಡು ಹಿಂದಕ್ಕೆ ಹೋಗುತ್ತವೆ. ಒಂದು ದಿನ ಬಾಗಿಲ ತನಕವೂ ಬರುವುದಿಲ್ಲ. ಹಾಗೆ ಆಗುವುದನ್ನು ಅವಳು ಮರದಲ್ಲಿ ಒಮ್ಮೆ ನೋಡಿದ್ದಳು.

ಹುಟ್ಟಿದಾಗಿನಿಂದ ಅವಳಲ್ಲಿ ಇದ್ದದ್ದು ಆ ಒಂದು ದನಿ. ಅದನ್ನು ನಂಬಿದವರು ಇಬ್ಬರೇ, ಬಾವಲಿಗಳು ಮತ್ತು ತಮ್ಮ. ತಮ್ಮ ಅದನ್ನು ಬಲೆಯ ಹಾಗೆ ಬಳಸಿದ್ದ. ಇನ್ನು ಅದು ಯಾರ ಬಾಯಿಂದ ಬಂದರೂ ಬಲೆಯೇ.

ಅವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು.

ಮೊದಲ ಕಲ್ಲು ಯಾವುದಕ್ಕೂ ತಾಗಲಿಲ್ಲ. ಎರಡನೆಯದು ಒಂದರ ರೆಕ್ಕೆಗೆ ತಾಗಿತು. ಜೊತೆಗೇ ಅವಳು ಅರಚಿದಳು. ಕೂಗಲಿಲ್ಲ, ಅರಚಿದಳು, ಹೊಲಕ್ಕೆ ನುಗ್ಗಿದ ಹಂದಿಗೆ ಅರಚುವ ಹಾಗೆ, ಬಾಯಿಗೆ ಬಂದದ್ದನ್ನೆಲ್ಲ ಅರಚಿದಳು. ತಾಯಿಯ ಗಡಿಗೆಯನ್ನು ಬಗಲಿನಿಂದ ಕಿತ್ತು, ಕಲ್ಲಿನಿಂದ ಡಬಡಬ ಬಡಿದಳು. ಬಾವಲಿಗಳು ಚೆದುರಿದವು. ಮತ್ತೆ ಕೂಡಿದವು. ಅವಳ ದನಿ ಅವಕ್ಕೆ ಗೊತ್ತಿತ್ತು, ಆ ದನಿ ತಮಗೆ ಹೀಗೆ ಮಾಡುತ್ತಿದೆ ಎಂಬುದು ಗೊತ್ತಾಗಲಿಲ್ಲ. ಅವಳು ಇನ್ನೊಂದು ಕಲ್ಲು ಬೀಸಿದಳು, ಇನ್ನೊಂದು ಬೀಸಿದಳು. ಗಡಿಗೆ ಒಡೆಯಿತು, ಓಡುಗಳನ್ನೂ ಬೀಸಿದಳು. ಕೊನೆಗೆ ಅವಕ್ಕೆ ಅರ್ಥವಾಯಿತು. ಸಾಲು ಮುರಿದು, ಗುಂಪು ಗುಂಪಾಗಿ, ಬೆಳಗಾಗುತ್ತಿದ್ದ ಆಕಾಶದಲ್ಲಿ ದಾರಿಯಲ್ಲದ ದಾರಿ ಹಿಡಿದು, ಹೊಳೆಯ ಕಡೆಗೂ ಅಲ್ಲ ತೋಪಿನ ಕಡೆಗೂ ಅಲ್ಲ, ಎಲ್ಲಿಗೋ ಹೋದವು.

ಒಂದು ಮಾತ್ರ ಹೋಗಲಿಲ್ಲ. ಅದು ದೀಪದ ಕಂಬದ ಮೇಲೆ ಇಳಿದು, ಬಿಳಿಯ ಬೆಳಕಿನಲ್ಲಿ ತಲೆಕೆಳಗಾಗಿ ಜೋತು, ಕೆಳಗಿನ ಗಡಿಗೆಗಳ ಕಡೆ ಮುಖ ಮಾಡಿ ಸಣ್ಣಗೆ ಕರೆಯತೊಡಗಿತು. ಸ್ವಲ್ಪ ಕರೆದು, ಕಿವಿಯಿಟ್ಟು ಕೇಳಿ, ಮತ್ತೆ ಕರೆಯುತ್ತಿತ್ತು. ಕೂಗುವವಳ ಕೈಯಲ್ಲಿ ಗಡಿಗೆಯ ಕೊನೆಯ ಓಡು ಇತ್ತು. ಅವಳು ಕಣ್ಣು ಮುಚ್ಚಲಿಲ್ಲ. ಗುರಿಯಿಟ್ಟು ಬೀಸಿದಳು. ಅದು ಅವಳನ್ನು ಒಂದು ಗಳಿಗೆ ನೋಡಿತು, ಆಮೇಲೆ ಹಾರಿ ಹೋಯಿತು.

ಆಗ ತಮ್ಮ ಹತ್ತಿರ ಬಂದು ಅವಳ ಹೆಗಲಿನಿಂದ ಜಾರಿದ್ದ ಕಂಬಳಿಯನ್ನು ಸರಿಮಾಡಿ ಹೊದಿಸಿದ. ಅವನ ಮುಖದ ಮೇಲೆ ಎಷ್ಟೋ ದಿನಗಳಿಂದ ಇದ್ದ ಭಾರ ಇಳಿದಿತ್ತು.

"ಒಳ್ಳೇದೇ ಆಯ್ತು ಅಕ್ಕ," ಎಂದ. "ನೀನೇ ಓಡಿಸಿದೆ. ಊರೆಲ್ಲ ಕಣ್ಣಾರೆ ನೋಡಿದೆ. ಇನ್ನು ಮೇಲೆ ನಮ್ಮನ್ನ ಯಾರೂ ಏನೂ ಕೇಳೋ ಹಾಗಿಲ್ಲ."

ಅವಳು ಕಂಬಳಿಯನ್ನು ತೆಗೆದು ಅವನ ಕೈಗೆ ಕೊಟ್ಟಳು. ಆ ದಿನದಿಂದ ಅವಳು ಬಾಯಿ ತೆರೆದದ್ದನ್ನು ಯಾರೂ ಕಾಣಲಿಲ್ಲ.

ಆ ಊರು ಈಗಲೂ ಇದೆ. ಬೀದಿಗಳು ನೆಟ್ಟಗಿವೆ, ಮನೆಗಳು ನೆಟ್ಟಗಿವೆ, ನೆರಳಿಲ್ಲ. ಹೊಳೆಯಾಚೆಯ ತೋಪಿನಲ್ಲಿ ಇಪ್ಪೆ ಹೂ ಬಿಡುತ್ತದೆ, ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಊರಿನವರು ಮಾತಿಗೆ ತಪ್ಪಿದವರಲ್ಲ. ಹೊಸ ಗಡಿಗೆಗಳನ್ನು ಕೊಂಡು ಸಂಜೆಯಾದರೆ ಬಟ್ಟೆ ಕಟ್ಟಿಕೊಂಡು ಬಂದು ಕತ್ತಲೆಮನೆಯಲ್ಲಿ ತಮ್ಮ ಪಾಲು ಸುರಿದು, ಬುಡ ತಟ್ಟಿ, ಕೈಮುಗಿದು ಹೋಗುತ್ತಾರೆ. ಹೊರಗಿನವರು ಯಾರಾದರೂ ಬಂದು ಇಲ್ಲಿ ಬಾವಲಿಗಳಿದ್ದವಂತಲ್ಲ, ಏನಾದವು ಎಂದು ಕೇಳಿದರೆ ಬಾಗಿಲ ಪಕ್ಕದ ಕಲ್ಲಿನ ಪೀಠದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಒಬ್ಬ ಮುದುಕಿ ಕೂತಿರುತ್ತಾಳೆ.

ಅವಳೇ ನೋಡಿ, ಕಲ್ಲು ಹೊಡೆದು ಓಡಿಸಿದವಳು, ಎನ್ನುತ್ತಾರೆ.